ಬೋರ್ ಇನ್ನೂ ನೂರು ಅಡಿ ಕೊರೆಸಬೇಕಾ? ಹೋದ ದುಡ್ಡಿನ ಲೆಕ್ಕ ಬಿಡಿಸಿಕೊಂಡ ಟಿಪ್ಪಣಿ

ಸಂಕ್ ಕಾಸ್ಟ್ ಅಂದರೆ ಹೋದ ದುಡ್ಡು. ಏನೇ ಮಾಡಿದರೂ ವಾಪಸ್ ಬರುವುದಿಲ್ಲ. ಮುಂದಿನ ತೀರ್ಮಾನಕ್ಕೆ ಅದನ್ನು ಲೆಕ್ಕಕ್ಕೆ ತಗೋಬಾರದು. ಪರೀಕ್ಷೆಯಲ್ಲಿ ಇಷ್ಟನ್ನು ಎಲ್ಲರೂ ಬರೆಯುತ್ತೇವೆ, ಅಂಕವೂ ಬರುತ್ತದೆ. ನಮ್ಮಲ್ಲಿ ಗಾದೆಯೇ ಇದೆಯಲ್ಲ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ. ನಾನು ಎಡವಿದ್ದು ಇದನ್ನು ನಿಜವಾದ ಲೆಕ್ಕಕ್ಕೆ ಹಾಕುವಾಗ. ಎರಡು ದಿನ ತಲೆ ಕೆಡಿಸಿಕೊಂಡು ನಿನ್ನೆ ರಾತ್ರಿ ಬಿಡಿಸಿಕೊಂಡೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಉದಾಹರಣೆ: ನಮ್ಮ ತೋಟದ ಬೋರ್

ನಮ್ಮದು ಕೋಲಾರದ ಕಡೆ. ಕೆಳಗೆಲ್ಲ ಗಟ್ಟಿ ಕಲ್ಲು. ಆ ಕಲ್ಲಿನ ಬಿರುಕಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೋದ ಬೇಸಿಗೆಯಲ್ಲಿ ಬೋರ್ ಹಾಕಿಸಿದೆವು. ರಾತ್ರಿ ಒಂದೂವರೆ ಆಗಿತ್ತು. ಕಲ್ಲಿನ ಪುಡಿ ಹಾರಿ ಮಾವಿನ ಎಲೆ, ಅಪ್ಪನ ತಲೆ, ನೀರಿನ ಬಿಂದಿಗೆ ಎಲ್ಲ ಬೆಳ್ಳಗಾಗಿತ್ತು. 800 ಅಡಿ ಮುಗಿದರೂ ನೀರಿಲ್ಲ.

ಲಾರಿಯವರು ಮಷಿನ್ ನಿಲ್ಲಿಸಿ ಕೇಳಿದರು, "ಇನ್ನೊಂದು ನೂರು ಬಿಡೋಣ್ವಾ ಯಜಮಾನ್ರೇ?"

ಚಿಕ್ಕಪ್ಪ "ಸಾಕು ಬಿಡಣ್ಣ" ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹಾಕಿದ್ದೀವಿ. ಈಗ ಬಿಟ್ರೆ ಅಷ್ಟೂ ಮಣ್ಣುಪಾಲು" ಅಂದರು.

ಪಾಠದಲ್ಲಿ ಬರುವ ತಪ್ಪು ಇದೇ ಮಾತು. ಆದರೆ "ತಪ್ಪು ಮಾತು, ಹಾಗಾಗಿ ನಿಲ್ಲಿಸಬೇಕಿತ್ತು" ಅಂತ ಬರೆದರೆ ಅದೂ ತಪ್ಪೇ. ನಾನು ಮೊದಲು ಹಾಗೇ ಬರೆದಿದ್ದೆ.

ನಾನು ಎಡವಿದ ಜಾಗ

ಲೆಕ್ಕಕ್ಕೆ ಸುಲಭವಾದ ಅಂಕಿ ಇಟ್ಟುಕೊಳ್ಳೋಣ. 800 ಅಡಿಗೆ, ಕೇಸಿಂಗ್ ಪೈಪೂ ಸೇರಿ, 90,000 ಖರ್ಚಾಗಿದೆ. ಮುಂದಿನ ನೂರು ಅಡಿಗೆ 15,000. ನೀರು ಬಿದ್ದರೆ ನಮಗೆ 3 ಲಕ್ಷದಷ್ಟು ಅನುಕೂಲ. ಬೇರೆ ಕಡೆ ಹೊಸ ಜಾಗ ಗುರುತು ಮಾಡಿಸಿ ಕೊರೆಸಿದರೆ 50,000. ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಕು. ಇದೇ ಗುಂಡಿಯಲ್ಲಿ ಮುಂದುವರಿದರೆ ನೀರು ಸಿಗುವ ಸಾಧ್ಯತೆ ಹತ್ತರಲ್ಲಿ ಒಂದು, ಹೊಸ ಜಾಗದಲ್ಲಿ ಐದರಲ್ಲಿ ಒಂದು.

ನಾನು ಮಾಡಿದ್ದು: ಹಳೇ ಬೋರಿಗೆ 90,000 + 15,000, ಒಟ್ಟು 1,05,000. ಹೊಸದಕ್ಕೆ 50,000. ಹಳೇದು ದುಬಾರಿ, ಸಾಧ್ಯತೆಯೂ ಕಮ್ಮಿ, ಬಿಟ್ಟುಬಿಡಿ. ಸರಿ ಅನ್ನಿಸುತ್ತದೆ, ಅಲ್ವಾ?

ಆದರೆ ಗಮನಿಸಿ, 90,000 ಒಳಗೆ ಬಂದುಬಿಟ್ಟಿದೆ. ಅಪ್ಪ ಅದನ್ನು ಮುಂದುವರಿಸಲು ಕಾರಣ ಮಾಡಿಕೊಂಡರು, ನಾನು ನಿಲ್ಲಿಸಲು ಮಾಡಿಕೊಂಡೆ. ತಪ್ಪು ಮಾತ್ರ ಒಂದೇ. ನಿಲ್ಲಿಸಿದರೂ 90,000 ಹೋಗಿದೆ, ಮುಂದುವರಿಸಿದರೂ ಹೋಗಿದೆ. ಎರಡೂ ಕಡೆ ಇರುವುದನ್ನು ಎರಡೂ ಕಡೆಯಿಂದ ಹೊಡೆದುಹಾಕಬೇಕು.

ಸರಿಯಾದ ಲೆಕ್ಕ ಹೀಗೆ. ಮುಂದುವರಿದರೆ: 3 ಲಕ್ಷದ ಹತ್ತನೇ ಒಂದು ಭಾಗ 30,000. ಅದರಲ್ಲಿ 15,000 ಕಳೆದರೆ ಉಳಿಯುವುದು 15,000. ಹೊಸ ಜಾಗಕ್ಕೆ: 3 ಲಕ್ಷದ ಐದನೇ ಒಂದು ಭಾಗ 60,000. ಅದರಲ್ಲಿ 50,000 ಕಳೆದರೆ 10,000. ಅಂದರೆ ಮುಂದುವರಿಯುವುದೇ ಸರಿ! ನನ್ನ ಮೊದಲ ಉತ್ತರಕ್ಕೆ ತಿರುಗುಮುರುಗು.

ಇಲ್ಲಿ ನನಗೆ ಇನ್ನೊಂದು ಅನುಮಾನ ಬಂತು. ಹಿಂದಿನದನ್ನು ಮರೆಯಬೇಕು ಅಂತೀರಿ, ಆದರೆ 800 ಅಡಿ ಕೊರೆದಿದ್ದರಿಂದಲೇ ಅಲ್ವಾ ಈಗ 15,000ಕ್ಕೆ 900 ಮುಟ್ಟುವುದು? ಹಾಗಾದರೆ ಹಿಂದಿನದು ಲೆಕ್ಕಕ್ಕೆ ಬಂದ ಹಾಗಾಯಿತಲ್ಲ? ಎರಡು ದಿನ ಹಿಡಿದದ್ದು ಇದೇ.

ಹೋಗಿರುವುದು ದುಡ್ಡು, ಉಳಿದಿರುವುದು ಗುಂಡಿ. ಎರಡೂ ಬೇರೆ ಬೇರೆ. ಗುಂಡಿ ಈಗ ಕಣ್ಣೆದುರಿಗಿದೆ, ಅದು ಲೆಕ್ಕಕ್ಕೆ ಬರುತ್ತದೆ. ಅದಕ್ಕೆ 90,000 ಆಯಿತೋ, 9,000 ಆಯಿತೋ, ಯಾರೋ ಪುಕ್ಕಟೆ ಕೊರೆದುಕೊಟ್ಟರೋ, ಮುಂದಿನ ನೂರು ಅಡಿಯ ಲೆಕ್ಕ ಒಂಚೂರೂ ಬದಲಾಗುವುದಿಲ್ಲ. ಹಾಗೇ ಉಳಿಯುವ ಇನ್ನೊಂದು ಇದೆ, ತಿಳಿದುಕೊಂಡದ್ದು. 760 ಅಡಿಯಲ್ಲಿ ಪುಡಿ ತೇವವಾಗಿ ಬಂತಾ? ಪಕ್ಕದ ತೋಟದವರಿಗೆ 850ರಲ್ಲಿ ನೀರು ಸಿಕ್ಕಿತ್ತಾ? ಹತ್ತರಲ್ಲಿ ಒಂದು ಅನ್ನುವ ಸಾಧ್ಯತೆಯನ್ನು ಬದಲಾಯಿಸುವುದು ಇಂಥವು. ಮೂವತ್ತರಲ್ಲಿ ಒಂದು ಅಂತಾದರೆ 10,000ದಲ್ಲಿ 15,000 ಕಳೆಯಬೇಕು, 5,000 ನಷ್ಟ. ಆಗ ಹೊಸ ಜಾಗವೇ ಸರಿ.

ನಾನು ಈಗ ಎಲ್ಲದಕ್ಕೂ ಬಳಸುವ ಪ್ರಶ್ನೆ ಒಂದೇ: ಈ 800 ಅಡಿ ಒಣ ಗುಂಡಿಯನ್ನು ಇವತ್ತು ಬೆಳಗ್ಗೆ ಯಾರೋ ನನಗೆ ಸುಮ್ನೆ ಕೊಟ್ಟರು ಅಂದುಕೊಂಡರೆ, ನಾನು ಅದಕ್ಕೆ 15,000 ಹಾಕುತ್ತೀನಾ? ಹಾಕುತ್ತೀನಿ ಅಂದರೆ ಮುಂದುವರಿ. ಇಲ್ಲ ಅಂದರೆ ನಿಲ್ಲಿಸು. ಹಳೇ ಸ್ಕೂಟರ್ ರಿಪೇರಿಗೂ ಇದೇ ಪ್ರಶ್ನೆ. ಹೋದ ತಿಂಗಳ ರಿಪೇರಿ ದುಡ್ಡು ಹೋಯಿತು. ಸ್ಕೂಟರ್ ಈಗ ಮಾರಿದರೆ ಬರುವ ದುಡ್ಡು ಹೋಗಿಲ್ಲ, ಅದನ್ನು ಬರೆದುಕೊಳ್ಳಬೇಕು. ಇದಕ್ಕೇ ಅವಕಾಶ ವೆಚ್ಚ ಅನ್ನುವುದು, ಅಂದರೆ ಒಂದನ್ನು ಆರಿಸಿದಾಗ ಬಿಟ್ಟುಕೊಡುವ ಇನ್ನೊಂದರ ಬೆಲೆ. ಇವೆರಡನ್ನು ಕಲಸಿಕೊಂಡರೆ ಕೆಲಸ ಕೆಟ್ಟಿತು.

ಗೊತ್ತಿದ್ದರೂ ಯಾಕೆ ಬಿಡಲಾಗುವುದಿಲ್ಲ

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್, ಆಮೊಸ್ ಟ್ವರ್ಸ್ಕಿ ಇಬ್ಬರೂ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಖಂಡಿತ 3,000 ನಷ್ಟ ಒಂದು ಕಡೆ. ಇನ್ನೊಂದು ಕಡೆ ನೂರಕ್ಕೆ 80ರಷ್ಟು ಸಾಧ್ಯತೆಯಲ್ಲಿ 4,000 ನಷ್ಟ, ಇಲ್ಲದಿದ್ದರೆ ಏನೂ ಇಲ್ಲ. ಸರಾಸರಿ ಹಾಕಿದರೆ ಎರಡನೆಯದು 3,200 ನಷ್ಟ, ಅಂದರೆ ಜಾಸ್ತಿ. ಆದರೂ ನೂರಕ್ಕೆ 92 ಜನ ಎರಡನೆಯದನ್ನೇ ಆರಿಸಿದರು. ಅದೇ ಅಂಕಿಗಳನ್ನು ಲಾಭ ಅಂತ ಕೇಳಿದಾಗ 80 ಜನ ಖಂಡಿತ ಸಿಗುವ 3,000 ಸಾಕು ಅಂದರು.

ಇದನ್ನು ಓದುವಾಗ ನನಗೆ ಅಪ್ಪನ ಮುಖವೇ ಕಂಡಿತು. ಮಷಿನ್ ಓಡುತ್ತಿರುವ ತನಕ ಬೋರ್ ಫೇಲ್ ಆಗಿಲ್ಲ. ನಿಲ್ಲಿಸಿದ ಕ್ಷಣ ಫೇಲ್ ಆಯಿತು ಅಂತ ಒಪ್ಪಿಕೊಳ್ಳಬೇಕು, ಬೆಳಗ್ಗೆ ಅಮ್ಮನಿಗೆ ಹೇಳಬೇಕು. 15,000 ಕೊಟ್ಟು ಅಪ್ಪ ಕೊಂಡುಕೊಳ್ಳುತ್ತಿದ್ದದ್ದು ಆ ಮಾತನ್ನು ಇನ್ನೊಂದು ಗಂಟೆ ಮುಂದಕ್ಕೆ ಹಾಕುವುದನ್ನು. ಅದನ್ನು ದಡ್ಡತನ ಅನ್ನಲು ನನ್ನಿಂದ ಆಗುವುದಿಲ್ಲ.

ಪಾಠದಲ್ಲಿ ಉಳಿದದ್ದು ಚುಟುಕಾಗಿ

ಹರ್ಬರ್ಟ್ ಸೈಮನ್: ಎಲ್ಲಕ್ಕಿಂತ ಒಳ್ಳೆಯದನ್ನೇ ಹುಡುಕುತ್ತಾ ಕೂರಬೇಡಿ, ಸಾಕಷ್ಟು ಒಳ್ಳೆಯದು ಸಿಕ್ಕಾಗ ನಿಲ್ಲಿ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇವರಿಗೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ತೀರ್ಮಾನ ಮಾಡುವ ಬಗೆ ಹೇಳಿ ಬರೆದ ಪತ್ರ: ಹಾಳೆಯ ನಡುವೆ ಗೆರೆ ಎಳೆದು, ಪರ ಒಂದು ಕಡೆ, ವಿರೋಧ ಒಂದು ಕಡೆ ಬರೆದು, ಸಮ ತೂಕದವನ್ನು ಹೊಡೆದುಹಾಕುವುದು. ಆತ ಇದಕ್ಕೆ ಮೂರ್ನಾಲ್ಕು ದಿನ ತಗೊಳ್ಳುತ್ತಿದ್ದ. ಈ ವಿಧಾನದಲ್ಲಿ "ಇಷ್ಟು ಖರ್ಚು ಮಾಡಿದ್ದೀವಿ" ಅನ್ನುವುದನ್ನು ಯಾವ ಕಡೆಯೂ ಬರೆಯಬೇಡಿ, ಅಷ್ಟೇ.

ಆ ರಾತ್ರಿ

900 ಹೊಡೆಸಿದೆವು. ನೀರು ಬರಲಿಲ್ಲ. ನೀರು ಬರಲಿಲ್ಲ ಅಂದಮಾತ್ರಕ್ಕೆ ತೀರ್ಮಾನ ತಪ್ಪು ಅಂತ ಆಗುವುದಿಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಪುಡಿ ಕೊನೆವರೆಗೂ ಒಣಗೇ ಬಂದಿತ್ತು, ಪಕ್ಕದ ಎರಡು ಬೋರೂ ಹೋಗಿದ್ದವು. ತಪ್ಪಿದ್ದರೆ ಅದನ್ನು ನೋಡದೆ ಇದ್ದದ್ದರಲ್ಲಿ.

ಈ ವರ್ಷ ಮತ್ತೆ ಹಾಕಿಸಬೇಕು. ಲಾರಿ ಬರುವ ಮುಂಚೆ, ಹಗಲಲ್ಲೇ, ಎಷ್ಟು ಅಡಿಗೆ ನಿಲ್ಲಿಸುವುದು ಅಂತ ಚೀಟಿಯಲ್ಲಿ ಬರೆದಿಡೋಣ ಅಂದೆ. 700 ಅಂತ ಬರೆದೆ. ಅಪ್ಪ ಓದಿ, ಪೆನ್ನು ತಗೊಂಡು ಕೆಳಗೆ ಒಂದು ಸಾಲು ಸೇರಿಸಿದರು: "ಪುಡಿ ತೇವ ಬಂದರೆ ಮತ್ತೆ ಕೂತು ಮಾತಾಡುವುದು." ಚೀಟಿ ಈಗ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದೆ.