ಐದು ನಿಮಿಷ ತಡವಾದ ರೈಲು ಅರ್ಧ ಗಂಟೆ ತಡವಾಗುವುದು ಹೇಗೆ?

ಓದುಗರ ಪ್ರಶ್ನೆ: ಕೆಲಸಕ್ಕೆಂದು ನಾನು ದಿನವೂ ಹಿಡಿಯುವ ಲೋಕಲ್ ರೈಲು ಹೊರಡುವಾಗ ಐದೇ ನಿಮಿಷ ತಡ. ಇಳಿಯುವಾಗ ನೋಡಿದರೆ ಅರ್ಧ ಗಂಟೆ. ದಾರಿಯಲ್ಲಿ ಯಾವುದೂ ಕೆಟ್ಟು ನಿಂತಿರುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ಮಿಕ್ಕ ಇಪ್ಪತ್ತೈದು ನಿಮಿಷ ಎಲ್ಲಿ ಹೋಯಿತು?

ಉತ್ತರ: ಐದು ನಿಮಿಷದ ಜೊತೆಗೆ ನಿಮ್ಮ ರೈಲು ತನ್ನ ಸರದಿಯನ್ನೂ ಕಳೆದುಕೊಂಡಿತ್ತು. ಮಿಕ್ಕದ್ದೆಲ್ಲ ಅದಕ್ಕೆ ತೆತ್ತ ದಂಡ.

ರಸ್ತೆಯಲ್ಲಿ ತಡವಾದ ಬಸ್ಸು ಮುಂದಿನ ವಾಹನವನ್ನು ಹಿಂದಿಕ್ಕಬಹುದು, ಹಳಿಯ ಮೇಲೆ ಆ ಅವಕಾಶವಿಲ್ಲ. ಮಾರ್ಗವನ್ನು ಸಿಗ್ನಲ್‌ಗಳ ನಡುವಿನ ತುಂಡುಗಳಾಗಿ ವಿಂಗಡಿಸಿರುತ್ತಾರೆ. ಸಾಮಾನ್ಯವಾಗಿ ಒಂದು ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಯಾವ ತುಂಡು ಯಾವ ನಿಮಿಷದಲ್ಲಿ ಯಾರ ಪಾಲಿಗೆ ಎಂಬ ಹಂಚಿಕೆಯೇ ವೇಳಾಪಟ್ಟಿ. ನಿಮ್ಮ ರೈಲು ತನ್ನ ಪಾಲಿನ ಹೊತ್ತಿನಲ್ಲಿ ಜಂಕ್ಷನ್ ದಾಟದಿದ್ದರೆ ನಂತರದ ನಿಮಿಷಗಳು ಬೇರೊಂದು ರೈಲಿಗೆ ಸೇರಿದವು. ಆಗ ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಎರಡರಲ್ಲಿ ಒಂದನ್ನು ತಡೆಯಲೇಬೇಕು. ಸರಿಯಾದ ಸಮಯಕ್ಕೆ ಬರುತ್ತಿರುವ ದೂರದ ರೈಲನ್ನು ತಡಮಾಡಿಸುವುದಕ್ಕಿಂತ ಆಗಲೇ ತಡವಾಗಿರುವ ಲೋಕಲ್ ರೈಲನ್ನು ಇನ್ನಷ್ಟು ತಡಮಾಡಿಸುವುದು ಅವರಿಗೆ ಸುಲಭ. ನಿಲ್ದಾಣ ಕಣ್ಣಿಗೆ ಕಾಣುತ್ತಿರುವಾಗಲೇ ಅದರ ಹೊರಗಿನ ಸಿಗ್ನಲ್ ಬಳಿ, ಅಂದರೆ ಔಟರ್‌ನಲ್ಲಿ ಕೊಳೆಯಬೇಕಾಗುವುದೂ ಇದರಿಂದಲೇ: ನೀವು ಬರಬೇಕಾದ ಪ್ಲಾಟ್‌ಫಾರ್ಮಿನಲ್ಲಿ ಈಗ ಇನ್ನೊಂದು ರೈಲು ನಿಂತಿರುತ್ತದೆ. ಒಂಟಿ ಹಳಿಯ ಮಾರ್ಗವಾದರಂತೂ ಎದುರಿನ ರೈಲು ನಿಮ್ಮದು ದಾಟಿ ಹೋಗುವವರೆಗೆ ನಿಲ್ದಾಣದಲ್ಲಿ ಕಾದು ತಾನೂ ತಡವಾಗುತ್ತದೆ. ಆ ತಡವನ್ನು ಹೊತ್ತುಕೊಂಡು ಹೋಗಿ ಮುಂದಿನ ನಿಲ್ದಾಣದಲ್ಲಿ ಮತ್ತೊಬ್ಬರಿಗೆ ದಾಟಿಸುತ್ತದೆ.

ಇದು ಹಳಿಯ ಲೆಕ್ಕ. ಜನರ ಲೆಕ್ಕ ಇದಕ್ಕಿಂತ ಕೆಟ್ಟದ್ದು. ಹತ್ತು ನಿಮಿಷಕ್ಕೊಂದು ರೈಲಿರುವ ಮಾರ್ಗದಲ್ಲಿ ಒಂದು ರೈಲು ಐದು ನಿಮಿಷ ತಡವಾದರೆ ಪ್ರತಿ ನಿಲ್ದಾಣದಲ್ಲೂ ಸುಮಾರು ಒಂದೂವರೆ ಪಟ್ಟು ಜನ ಕಾದಿರುತ್ತಾರೆ. ಇಳಿಯುವವರಿಗೆ ದಾರಿಯಿಲ್ಲ, ಹತ್ತುವವರಿಗೆ ಜಾಗವಿಲ್ಲ, ಬಾಗಿಲು ಮುಚ್ಚುವುದಿಲ್ಲ. ಅರ್ಧ ನಿಮಿಷದ ನಿಲುಗಡೆ ಒಂದು ನಿಮಿಷವಾಗುತ್ತದೆ. ಹನ್ನೆರಡು ನಿಲ್ದಾಣ ಕಳೆಯುವಷ್ಟರಲ್ಲಿ ಇನ್ನೂ ಆರು ನಿಮಿಷ ಹೋಯಿತು. ತಡವಾದಷ್ಟೂ ಜನ, ಜನ ಹೆಚ್ಚಿದಷ್ಟೂ ತಡ. ಅದರ ಬೆನ್ನಿಗೇ ಬರುವ ರೈಲು ಅರೆಖಾಲಿಯಾಗಿರುತ್ತದೆ, ಏಕೆಂದರೆ ಅದರ ಪ್ರಯಾಣಿಕರನ್ನೆಲ್ಲ ಮೊದಲನೆಯದು ತುಂಬಿಕೊಂಡು ಹೋಗಿದೆ. ಹಿಂದಿನ ರೈಲು ನಿಜವಾಗಿಯೂ ಹತ್ತಿರದಲ್ಲಿದ್ದರೆ ತುಂಬಿದ್ದನ್ನು ಬಿಟ್ಟುಬಿಡುವುದೇ ಜಾಣತನ. ಆದರೆ ತಡವಾಗಿ ಬೆವರುತ್ತಿರುವವನಿಗೆ ಈ ಬುದ್ಧಿ ಹೇಳುವುದು ಕಷ್ಟ.

ಚಾಲಕ ಸ್ವಲ್ಪ ವೇಗವಾಗಿ ಓಡಿಸಬಾರದೇ ಎಂದು ಕೇಳುವವರಿದ್ದಾರೆ. 2005ರ ಏಪ್ರಿಲ್ 25ರಂದು ಜಪಾನಿನ ಅಮಗಸಾಕಿಯಲ್ಲಿ ನಡೆದದ್ದು ಅದಕ್ಕೆ ಉತ್ತರ. ಹಿಂದಿನ ನಿಲ್ದಾಣದಲ್ಲಿ ನಿಲ್ಲಬೇಕಾದ ಜಾಗ ದಾಟಿ ಹೋಗಿ, ಹಿಂದಕ್ಕೆ ಬಂದು, ಎರಡು ನಿಮಿಷಕ್ಕೂ ಕಡಿಮೆ ತಡವಾಗಿದ್ದ ಲೋಕಲ್ ರೈಲು ಅದು. ಗಂಟೆಗೆ 70 ಕಿ.ಮೀ. ಮಿತಿಯಿದ್ದ ತಿರುವಿಗೆ ಸುಮಾರು 116 ಕಿ.ಮೀ. ವೇಗದಲ್ಲಿ ನುಗ್ಗಿ, ಹಳಿ ತಪ್ಪಿ, ಕಟ್ಟಡವೊಂದಕ್ಕೆ ಅಪ್ಪಳಿಸಿತು. ಚಾಲಕ ಸೇರಿ 107 ಮಂದಿ ಸತ್ತರು. ತಪ್ಪು ಮಾಡಿದ ಚಾಲಕರಿಗೆ ಅಲ್ಲಿ ಶಿಕ್ಷೆಯಂತಿದ್ದ ಮರುತರಬೇತಿ ಕಾದಿರುತ್ತಿತ್ತು. ಆ ಭಯದ ವಿಚಾರ ತನಿಖೆಯಲ್ಲಿ ಹೊರಬಂತು. ತಡವಾದ ರೈಲಿನ ಚಾಲಕ ಅವಸರ ಮಾಡುತ್ತಿಲ್ಲ ಎಂದು ಸಿಟ್ಟು ಬಂದಾಗ ಇದು ನೆನಪಿರಲಿ.

ಕಳೆದ ಸಮಯವನ್ನು ಮರಳಿ ಪಡೆಯಲು ವೇಳಾಪಟ್ಟಿಯಲ್ಲೇ ಕೆಲವು ಹೆಚ್ಚುವರಿ ನಿಮಿಷ ಇಟ್ಟಿರುತ್ತಾರೆ. ಆದರೆ ಎಷ್ಟೋ ಕಡೆ ಅದನ್ನು ಇಡುವುದು ಕೊನೆಯ ನಿಲ್ದಾಣಕ್ಕೆ ಸ್ವಲ್ಪ ಮುಂಚೆ. ನಡುವೆ ಇಳಿಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಅವರು ತಡವಾಗಿಯೇ ಇಳಿಯುತ್ತಾರೆ, ರೈಲು ಮಾತ್ರ ಕೊನೆಗೆ ‘ಸಮಯಕ್ಕೆ ಸರಿಯಾಗಿ’ ತಲುಪಿರುತ್ತದೆ. ಆ ಸರಿಯಾದ ಸಮಯದ ಅಳತೆಯೂ ದೇಶಕ್ಕೊಂದು. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷ ಮೀರಿದರೆ ತಡ, ಜರ್ಮನಿಯಲ್ಲಿ ಆರು ನಿಮಿಷ ಮುಟ್ಟುವವರೆಗೂ ತಡವಲ್ಲ. ಜರ್ಮನಿಯ ಸಮಯಪಾಲನೆಯ ಅಂಕಿಗಳಲ್ಲಿ ರದ್ದಾದ ರೈಲುಗಳು ಸೇರುವುದೇ ಇಲ್ಲ. ಓಡದ ರೈಲು ತಡವಾಗುವುದಿಲ್ಲವಲ್ಲ!

ಇನ್ನು ಸಂಜೆಯ ವಿಷಯ. ಕೊನೆಯ ನಿಲ್ದಾಣ ತಲುಪಿದ ರೈಲೇ ತಿರುಗಿ ಹೊರಡಬೇಕು. ನಡುವಿನ ಬಿಡುವು ಹತ್ತು ನಿಮಿಷವಿದ್ದು ರೈಲು ಹದಿನೈದು ನಿಮಿಷ ತಡವಾಗಿ ಬಂದರೆ ವಾಪಸು ಪ್ರಯಾಣ ಶುರುವಾಗುವುದೇ ಐದು ನಿಮಿಷ ತಡದಿಂದ. ನಿಮ್ಮ ರೈಲನ್ನು ಓಡಿಸಬೇಕಾದ ಚಾಲಕ ಇನ್ನೊಂದು ತಡವಾದ ರೈಲಿನಲ್ಲಿ ಸಿಕ್ಕಿಕೊಂಡಿರುವುದೂ ಉಂಟು. ಬೆಳಗಿನ ಸಿಗ್ನಲ್ ದೋಷ ಮಧ್ಯಾಹ್ನವೇ ಸರಿಹೋಗಿದ್ದರೂ ಸಂಜೆಯವರು ಅದನ್ನು ಅನುಭವಿಸುತ್ತಾರೆ.

ನನ್ನ ಮಟ್ಟಿಗೆ ತಡಕ್ಕಿಂತ ಕೆಟ್ಟದ್ದು ಅನಿಶ್ಚಿತತೆ. ದಿನವೂ ಖಚಿತವಾಗಿ ಇಪ್ಪತ್ತು ನಿಮಿಷ ತಡವಾಗುವ ರೈಲಿಗೆ ಹೊಂದಿಕೊಳ್ಳಬಹುದು. ಒಂದು ದಿನ ಸರಿಯಾಗಿ ಬಂದು ಮರುದಿನ ಕೈಕೊಡುವ ರೈಲಿಗಾಗಿ ನೀವು ಎಲ್ಲ ದಿನವೂ ಬೇಗ ಏಳಬೇಕು. ಹಾಗೆ ಕಳೆದುಕೊಂಡ ನಿದ್ದೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ಫಲಕದ ಮೇಲಿನ ‘ಹತ್ತು ನಿಮಿಷ ತಡ’ ಎಂಬುದನ್ನು ‘ಕನಿಷ್ಠ ಹತ್ತು’ ಎಂದು ಓದಿಕೊಳ್ಳಿ. ರೈಲು ಈಗಿರುವ ಜಾಗದಿಂದ ಮುಂದೆ ಎಲ್ಲವೂ ಸುಗಮ ಎಂದುಕೊಂಡು ಮಾಡಿದ ಲೆಕ್ಕ ಅದಾಗಿರುವುದೇ ಹೆಚ್ಚು. ಮುಂದಿನ ಜಂಕ್ಷನ್ನಿನಲ್ಲಿ ಕಾಯಬೇಕಾಗುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಹೊರಡುವ ನಿಲ್ದಾಣದಿಂದಲೇ ಹತ್ತುವವರಾದರೆ ಫಲಕ ಬಿಟ್ಟು ಎದುರು ದಿಕ್ಕಿನಿಂದ ಬರುತ್ತಿರುವ ರೈಲು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಿ. ತಿರುಗಿ ನಿಮ್ಮದಾಗಬೇಕಾದ ಆ ರೈಲು ಇನ್ನೂ ಮೂರು ನಿಲ್ದಾಣ ಆಚೆಗಿದ್ದರೆ, ಫಲಕ ಏನೇ ಹೇಳಲಿ, ಕಚೇರಿಗೆ ಈಗಲೇ ಒಂದು ಫೋನ್ ಮಾಡಿಬಿಡಿ.