ಆರು ಗಂಟೆಯ ಹಾರಾಟ, ಆರು ದಿನದ ವೈರಸ್ಸು

ಆಫ್ರಿಕಾಕ್ಕೆ ಹೊರಟವರು ಮೊದಲು ನೋಡುವುದು ಸಿಂಹ, ಜಿರಾಫೆಗಳ ಫೋಟೊ. ಆಮೇಲೆ ಟಿಕೆಟ್ ರೇಟು. ಎಲ್ಲ ಮುಗಿದ ಮೇಲೆ ಯಾರೋ ಕೇಳುತ್ತಾರೆ, "ಹಳದಿ ಜ್ವರದ ಇಂಜೆಕ್ಷನ್ ಆಯ್ತಾ?" ಸಾಗರದ ಕಡೆಯ ನಮ್ಮ ಅಕ್ಕ, ಭಾವನಿಗೂ ಹೀಗೇ ಆಯ್ತು. ಮಗಳು ನೈರೋಬಿಯಲ್ಲಿದ್ದಾಳೆ. ಅಡಿಕೆ ಕೊಯ್ಲು ಮುಗಿಸಿ ಹೊರಡುವ ಲೆಕ್ಕಾಚಾರ. ಭಾವನಿಗೆ ಈ ಇಂಜೆಕ್ಷನ್ನೇ ತಕರಾರು. "ಮುಂಬೈಯಿಂದ ಆರು ಗಂಟೆಯಂತೆ. ಸಾಗರದಿಂದ ಬೆಂಗಳೂರಿಗೆ ಬಸ್ಸಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಕೂರ್ತೀವಿ. ಇಷ್ಟಕ್ಕೆ ಹತ್ತು ದಿನ ಮುಂಚೆ ಸೂಜಿ ಯಾಕೋ ಮಾರಾಯ?"

ಆರೇ ಗಂಟೆ ಎಂಬುದೇ ಇಲ್ಲಿನ ತೊಂದರೆ.

ಹಳದಿ ಜ್ವರದ ವೈರಸ್ಸು ಸೊಳ್ಳೆ ಕಚ್ಚಿ ಮೈಗೆ ಸೇರಿದ ಮೇಲೆ ಜ್ವರ ಕಾಣಿಸಿಕೊಳ್ಳಲು 3ರಿಂದ 6 ದಿನ ಬೇಕು. ಅಷ್ಟು ದಿನ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಹಡಗಿನ ಕಾಲದಲ್ಲಾದರೆ ದಡ ಮುಟ್ಟುವುದರೊಳಗೆ ಜ್ವರ ಬಂದು ಗೊತ್ತಾಗುತ್ತಿತ್ತು. ವಿಮಾನದಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು ಇಳಿದರೂ ವೈರಸ್ಸು ಇನ್ನೂ ತೆಪ್ಪಗೆ ಕೂತಿರುತ್ತದೆ. ಆ ಮನುಷ್ಯ ಊರಿಗೆ ಬಂದು ಜ್ವರ ಹಿಡಿದು ಮಲಗಿದಾಗ ಇಲ್ಲಿನ ಈಡಿಸ್ ಸೊಳ್ಳೆ ಕಚ್ಚಿದರೆ ಮುಗೀತು. ಈಡಿಸ್‌ಗೆ ನಮ್ಮಲ್ಲೇನು ಬರವೇ? ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಒಂದು ಅಡಿಕೆ ಹಾಳೆಯನ್ನು ಬಗ್ಗಿ ನೋಡಿ. ಮಡಿಕೆಯಲ್ಲಿ ನಿಂತ ಲೋಟದಷ್ಟು ನೀರಿನಲ್ಲಿ ಮರಿಗಳು ಡೊಂಕಾಗಿ ಕುಣಿಯುತ್ತಿರುತ್ತವೆ. ಡೆಂಗಿ ಹರಡುವುದೂ ಈ ಜಾತಿಯ ಸೊಳ್ಳೆಗಳೇ.

ಇಷ್ಟೆಲ್ಲ ಇದ್ದೂ ಭಾರತಕ್ಕೆ ಹಳದಿ ಜ್ವರ ಇದುವರೆಗೆ ಬಂದಿಲ್ಲ. ಆದರೆ ವಿಮಾನದಲ್ಲಿ ಅದು ಏಷ್ಯಾಕ್ಕೆ ಬರಬಹುದು ಎನ್ನುವುದು 2016ರಲ್ಲಿ ಸಾಬೀತಾಯಿತು. ಅಂಗೋಲಾದಲ್ಲಿ ರೋಗ ಹಬ್ಬಿದ್ದಾಗ ಅಲ್ಲಿಂದ ಚೀನಾಕ್ಕೆ ಮರಳಿದವರಲ್ಲಿ 11 ಮಂದಿಗೆ ಹಳದಿ ಜ್ವರ ಪತ್ತೆಯಾಯಿತು. ಪುಣ್ಯಕ್ಕೆ ಅಲ್ಲಿ ಹರಡಲಿಲ್ಲ.

ಹಾಗಾಗಿ ಹೆಚ್ಚು ಕಟ್ಟುನಿಟ್ಟು ಹೋಗುವಾಗಲ್ಲ, ವಾಪಸ್ ಬರುವಾಗ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಕಾರ್ಡು ಕೇಳುವವರು ನಮ್ಮ ದೇಶದವರೇ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇಟ್ಟುಕೊಳ್ಳಬಹುದು. ವೈರಸ್ಸಿನ ಆ ಆರು ದಿನವೇ ಇದು. ವಿಮಾನದೊಳಗೆ ಸಿಬ್ಬಂದಿ ಡಬ್ಬಿ ಹಿಡಿದು ಸೀಟುಗಳ ನಡುವೆ ಉಸ್ಸೆಂದು ಸಿಂಪಡಿಸುತ್ತಾ ಹೋಗುವುದೂ ಸೊಳ್ಳೆಗಾಗಿ. ನಮ್ಮ ಸೊಳ್ಳೆ ಬತ್ತಿಯಲ್ಲಿರುವ ಪೈರೆಥ್ರಾಯ್ಡ್ ಗುಂಪಿನದೇ ಔಷಧ. ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ. ಯುರೋಪಿನಲ್ಲಿ ಎಲ್ಲಿಗೂ ಹೋಗದೆ ವಿಮಾನ ನಿಲ್ದಾಣದ ಹತ್ತಿರ ವಾಸವಿದ್ದವರಿಗೇ ಮಲೇರಿಯಾ ಬಂದದ್ದಿದೆ. ಸೊಳ್ಳೆಗೆ ಟಿಕೆಟ್ ಬೇಡವಲ್ಲ.

ಇನ್ನು ಲಸಿಕೆಯ ಕಥೆ. ಇದರಲ್ಲಿ ನಮ್ಮ ಮಲೆನಾಡೂ ಬರುತ್ತದೆ.

1927ರಲ್ಲಿ ಈಗಿನ ಘಾನಾದಲ್ಲಿ ಅಸಿಬಿ ಎಂಬವನಿಗೆ ಹಳದಿ ಜ್ವರ ಬಂತು. ವಿಜ್ಞಾನಿಗಳು ಅವನ ರಕ್ತವನ್ನು ಒಂದು ರೀಸಸ್ ಕೋತಿಗೆ ಚುಚ್ಚಿದರು. ಆಫ್ರಿಕಾದ ಕೋತಿಗಳು ಈ ವೈರಸ್ಸನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ರೀಸಸ್ ನಮ್ಮ ಭಾರತದ ಕಡೆಯ ಜಾತಿ. ಅದು ಸತ್ತೇ ಹೋಯಿತು. ಅಸಿಬಿ ಬದುಕಿಕೊಂಡ. ಅವನ ರಕ್ತದಿಂದ ಸಿಕ್ಕ ವೈರಸ್ಸನ್ನೇ ಕೋಳಿ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿ, ಶಕ್ತಿ ಕುಂದಿಸಿ, ಮ್ಯಾಕ್ಸ್ ಥೈಲರ್ 1937ರಲ್ಲಿ 17ಡಿ ಎಂಬ ಲಸಿಕೆ ಮಾಡಿದ. ಥೈಲರ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, 1951ರಲ್ಲಿ ಅವನಿಗೆ ನೊಬೆಲ್ ಬಂತು. ಇವತ್ತಿಗೂ ತೋಳಿಗೆ ಚುಚ್ಚುವುದು ಅದೇ ಅಸಿಬಿಯ ವೈರಸ್ಸಿನ ಸಂತತಿ!

ಭಾರತದ ಕೋತಿಗಳು ಈ ರೋಗಕ್ಕೆ ಸಾಯುತ್ತವೆ ಅಂತ ಗೊತ್ತಿದ್ದರಿಂದಲೇ 1957ರಲ್ಲಿ ಗಾಬರಿಯಾದದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದೇ. ಕೊನೆಗೂ ಅದು ಏಷ್ಯಾಕ್ಕೆ ಬಂತೇ ಎಂದು. ಪರೀಕ್ಷೆ ಮಾಡಿದರೆ ವೈರಸ್ಸು ಬೇರೆ, ಹರಡುವುದು ಸೊಳ್ಳೆಯಲ್ಲ, ಉಣುಗು. ಅದೇ ಮಂಗನ ಕಾಯಿಲೆ. ಆದರೂ ಎರಡೂ ಫ್ಲೇವಿವೈರಸ್ ಎಂಬ ಒಂದೇ ಕುಲದವು, ಒಂಥರಾ ದಾಯಾದಿಗಳು. ದಾಯಾದಿಗೆ ಎಂಬತ್ತು ವರ್ಷಕ್ಕೂ ಹಳೆಯ, ಗಟ್ಟಿಯಾದ ಲಸಿಕೆ ಇದೆ. ನಮ್ಮ ಕಾಯಿಲೆಗೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿದ್ದಾರೆ. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯೇ ಗತಿ. ಪ್ರವಾಸಿಗರು ಓಡಾಡುವ ರೋಗಕ್ಕೆ ಸಿಕ್ಕಷ್ಟು ಗಮನ ಕಾಡಂಚಿನ ಕೂಲಿಯವರ ರೋಗಕ್ಕೆ ಸಿಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಭಾವನ ಹತ್ತು ದಿನದ ಪ್ರಶ್ನೆಗೆ ಬರೋಣ. ಇದು ಜೀವಂತ ವೈರಸ್ಸಿನ ಲಸಿಕೆ. ಅದು ಮೈಯಲ್ಲಿ ಸ್ವಲ್ಪ ಬೆಳೆದು, ಅದನ್ನು ನೋಡಿ ದೇಹ ಪ್ರತಿಕಾಯ ತಯಾರಿಸಲು ಹತ್ತು ದಿನ ಹಿಡಿಯುತ್ತದೆ. ಕಾರ್ಡು ಚಾಲ್ತಿಗೆ ಬರುವುದೂ ಹತ್ತನೇ ದಿನದ ನಂತರವೇ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅಲ್ಲಿ ವಾರದ ಇಂಥ ದಿನವೇ ಬನ್ನಿ ಎಂದರೆ ಸಿಟ್ಟಾಗಬೇಡಿ. ಪುಡಿಯ ರೂಪದ ಲಸಿಕೆಗೆ ದ್ರವ ಬೆರೆಸಿದ ಮೇಲೆ 6 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವುದರಿಂದ ಜನ ಸೇರಲಿ ಅಂತ ಕಾಯುತ್ತಾರೆ. ಮೊಟ್ಟೆ ಅಲರ್ಜಿ ಇದ್ದವರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು, 60 ದಾಟಿದವರು ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು. ಒಮ್ಮೆ ಹಾಕಿಸಿದರೆ ಜನ್ಮಕ್ಕೆ ಸಾಕು. ಹಿಂದೆ ಹತ್ತು ವರ್ಷಕ್ಕೊಮ್ಮೆ ಇತ್ತು, 2016ರ ಜುಲೈಯಿಂದ ಆ ನಿಯಮ ಹೋಯಿತು.

ಕಾರ್ಡು ಇದೆ ಅಂತ ಸೊಳ್ಳೆ ಪರದೆ ಬಿಡಬೇಡಿ, ಮಲೇರಿಯಾಕ್ಕೆ ಅದು ನಾಟುವುದಿಲ್ಲ. ವಾಪಸ್ ಬಂದ ಮೇಲೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆಫ್ರಿಕಾದಿಂದ ಬಂದದ್ದನ್ನು ಮೊದಲು ಹೇಳಿ. ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ವೈದ್ಯರು ಮಂಗನ ಕಾಯಿಲೆಯನ್ನೂ ಯೋಚಿಸುತ್ತಾರೆ. ಹಳದಿ ಜ್ವರದ ಲಸಿಕೆ ಹಾಕಿಸಿದ್ದನ್ನೂ ಹೇಳಿ. ಅದರಿಂದ ಹುಟ್ಟಿದ ಪ್ರತಿಕಾಯಗಳು ಡೆಂಗಿ, ಮಂಗನ ಕಾಯಿಲೆಯ ಪ್ರತಿಕಾಯ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು.