ವಾಯುರಾಶಿ: ತವರಿನ ಗುಣ ಬಿಡದ ಗಾಳಿ

ಜುಲೈ ತಿಂಗಳಲ್ಲಿ ಮುಂಬೈಯ ಸಾಂತಾಕ್ರೂಜ್‌ನ ನಮ್ಮ ಅಡುಗೆಮನೆಯ ಉಪ್ಪಿನ ಭರಣಿಗೆ ಕೈ ಹಾಕಿದರೆ ಬೆರಳು ಒದ್ದೆ. ನಾಲ್ಕು ಅಕ್ಕಿ ಕಾಳು ಬೆರೆಸಿಟ್ಟರೂ ಅಷ್ಟೇ. ಜನವರಿಯಲ್ಲಿ ಅದೇ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಭರಣಿ ಬದಲಾಗಿಲ್ಲ, ಅಂಗಡಿಯೂ ಬದಲಾಗಿಲ್ಲ. ಬದಲಾದದ್ದು ಕಿಟಕಿಯಿಂದ ಒಳಗೆ ಬರುವ ಗಾಳಿ. ಹವಾಮಾನದವರ ಮಾತಿನಲ್ಲಿ, ವಾಯುರಾಶಿ.

ರಾಶಿ ಅಂದಕೂಡಲೇ ಮೇಷ, ವೃಷಭ ನೆನಪಾಗಬಹುದು. ಇದು ಆ ರಾಶಿಯಲ್ಲ, ಕಣದಲ್ಲಿ ಸುರಿದ ಜೋಳದ ರಾಶಿಯ ಜಾತಿ. ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಹರಡಿಕೊಂಡ ಗಾಳಿ. ಒಂದೇ ಎತ್ತರದಲ್ಲಿ ಎಲ್ಲಿ ನೋಡಿದರೂ ಅದರ ಬಿಸಿ, ತೇವ ಹೆಚ್ಚುಕಮ್ಮಿ ಒಂದೇ. ಹೀಗಾಗುವುದು ಗಾಳಿ ದಿನಗಟ್ಟಲೆ ಒಂದೇ ಕಡೆ ಕೂತಾಗ. ಕಡಲ ಮೇಲೆ ಕೂತದ್ದು ತೇವ ಹೀರುತ್ತದೆ, ಮರಳುಗಾಡಿನ ಮೇಲೆ ಕೂತದ್ದು ಒಣಗುತ್ತದೆ. ಆ ಜಾಗ ಅದರ ತವರು. ಅಲ್ಲಿಂದ ಹೊರಟ ಮೇಲೂ ತವರಿನ ಗುಣ ಬೇಗ ಹೋಗುವುದಿಲ್ಲ.

ನಮ್ಮ ಮಳೆಗಾಲದ ಗಾಳಿಯ ತವರು ದೂರ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಾರಿಷಸ್‌ನಿಂದಲೂ ಕೆಳಗೆ. ಅಲ್ಲಿಂದ ಹೊರಟು, ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ, ಅರಬ್ಬಿ ಕಡಲಿನ ಉದ್ದಕ್ಕೂ ನೀರು ತುಂಬಿಕೊಳ್ಳುತ್ತಾ ಬರುತ್ತದೆ. ಸಹ್ಯಾದ್ರಿ ಅಡ್ಡ ಬಂದಾಗ ಮೇಲೇರಿ, ತಣ್ಣಗಾಗಿ, ಸುರಿಯುತ್ತದೆ.

ದಾರಿಯ ಕಡಲು ಎಷ್ಟು ಬಿಸಿ ಅನ್ನುವುದೂ ಮುಖ್ಯ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ಆವಿ ಹೊರಬಲ್ಲದು. ಸುದ್ದಿಯಲ್ಲಿ ಕೇಳುವ 'ಇಂಡಿಯನ್ ಓಶನ್ ಡೈಪೋಲ್' ಇದೇ ಲೆಕ್ಕದ್ದು. ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿ, ಸುಮಾತ್ರಾ ಬದಿ ತಂಪು ಆದರೆ ಅದು ಪಾಸಿಟಿವ್. ಸಾಮಾನ್ಯವಾಗಿ ನಮ್ಮ ಮಳೆಗೆ ಒಳ್ಳೆಯದು. ತಿರುಗುಮುರುಗಾದರೆ ನೆಗೆಟಿವ್. 1999ರಲ್ಲಿ ವಿಜ್ಞಾನಿಗಳಾದ ಸಜಿ, ಯಮಗಾತಾ ಮತ್ತು ಜೊತೆಗಾರರು ಇದನ್ನು ಗುರುತಿಸಿ ಹೆಸರಿಟ್ಟರು. 2019ರಲ್ಲಿ ಪಾಸಿಟಿವ್ ಡೈಪೋಲ್ ಬಲು ಜೋರಾಗಿತ್ತು. ಆ ವರ್ಷ ರಾಜಸ್ಥಾನದಿಂದ ಮುಂಗಾರು ಹಿಂದೆ ಸರಿಯಲು ಶುರುವಾದದ್ದೇ ಅಕ್ಟೋಬರ್ 9ಕ್ಕೆ, ದಸರೆಯ ಮರುದಿನ! ಎಲ್ಲವನ್ನೂ ಡೈಪೋಲ್ ತಲೆಗೆ ಕಟ್ಟುವುದು ಬೇಡ, ಪೆಸಿಫಿಕ್ ಕಡಲು ಬಿಸಿಯಾಗುವ ಎಲ್ ನಿನೊ ಥರದ ಬೇರೆ ಆಟಗಾರರೂ ಇದ್ದಾರೆ.

ಮುಂಗಾರು ಹೋದ ಮೇಲೆ ಗಾಳಿ ನೆಲದ ಕಡೆಯಿಂದ ಬೀಸಲು ಶುರು. ಮುಂಬೈಯವರ ಬಾಯಲ್ಲಿ ಅದು 'ಅಕ್ಟೋಬರ್ ಹೀಟ್'. ಮಾರ್ಚಿನಲ್ಲಿ ಇನ್ನೂ ಜೋರು. ಪೂರ್ವದ ಒಣ ಗಾಳಿ ಗಟ್ಟಿಯಾಗಿದ್ದರೆ ಕಡಲ ಗಾಳಿ ಒಳಗೆ ಬರುವುದು ತಡವಾಗುತ್ತದೆ. ಒಂದೆರಡು ತಾಸು ತಡವಾದರೂ ಸಾಕು, ಕಾವು ಸರ್ರನೆ ಏರುತ್ತದೆ. 1956ರ ಮಾರ್ಚ್ 28ರಂದು ಸಾಂತಾಕ್ರೂಜ್‌ನಲ್ಲಿ 41.7 ಡಿಗ್ರಿ ದಾಖಲಾಗಿತ್ತು. ಕಡಲು ಕೂಗಳತೆಯಲ್ಲಿದ್ದೂ ಇಷ್ಟು ಬಿಸಿ ಅಲ್ವಾ!

ನಮ್ಮ ಅತ್ತಿಗೆ ಮಾತ್ರ ಇಂಥ ದಿನಕ್ಕೇ ಕಾಯುತ್ತಾರೆ. ಟೆರೇಸಿನಲ್ಲಿ ಹಳೆ ಪಂಚೆ ಹಾಸಿ ಸಂಡಿಗೆ ಇಡುತ್ತಾರೆ. ಮಧ್ಯಾಹ್ನ ಪಂಚೆಯ ಪಡುವಣ ಅಂಚು ಪಟಪಟ ಅಂದಿತೋ, ಕಡಲ ಗಾಳಿ ಬಂತು ಅಂತ ಲೆಕ್ಕ. ಒಣಗಿದಷ್ಟನ್ನು ಬಿಡಿಸಿ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿಬಿಡುತ್ತಾರೆ.